ಮಾತು ಎತ್ತಿಕೊಡುವವಳು

"ನಿನ್ನನ್ನ ಒಂದು ವಿಷಯ ಕೇಳಬೇಕು, ಬೇಗ ಬಾ" ಎಂದು ಅವನು ಫೋನಿನಲ್ಲಿ ಹೇಳಿದಾಗ ಅವಳು ಏನೇನೋ ಊಹಿಸಿಕೊಂಡಳು. ತಲೆ ಬಾಚಿದ್ದು ಸರಿಹೋಗದೆ ಇನ್ನೊಮ್ಮೆ ಬಾಚಿಕೊಂಡಳು. ಆಸ್ಪತ್ರೆಯ ಲಿಫ್ಟಿನ ಕನ್ನಡಿಯಲ್ಲಿ ಮುಖ ನೋಡಿ, ಇಷ್ಟೊಂದು ಕೆಂಪಾಗುವ ವಯಸ್ಸೇ ಇದು ಎಂದು ತನ್ನನ್ನೇ ಬೈದುಕೊಂಡಳು.

ಅವನು ಕೇಳಿದ್ದು ಬೇರೆಯೇ.

"ನಾಳೆ ಬೆಳಿಗ್ಗೆ ಹಾರ್ಟ್ ಆಪರೇಷನ್. ಆಮೇಲೆ ನನಗೆ ಮಾತಾಡೋಕೆ ಆಗದೇ ಹೋದ್ರೆ, ನನ್ನ ಪರವಾಗಿ ನೀನು ಮಾತಾಡ್ತೀಯಾ? ಪ್ರಜ್ಞೆ ವಾಪಸ್ ಬರೋ ಆಸೆಯೇ ಇಲ್ಲ ಅಂತ ಡಾಕ್ಟರು ಹೇಳಿದ್ಮೇಲೂ ನನ್ನನ್ನ ಮೆಷಿನ್‌ಗೆ ಕಟ್ಟಿಹಾಕಬಾರದು. ಈಗಲೇ ಬರೆದಿಡಬಹುದಂತೆ."

"ನಿನ್ನ ಪ್ರಾಣ ತೆಗಿ ಅಂತ ನನಗೇ ಹೇಳ್ತಿದ್ದೀಯಾ? ನನ್ನದೇನು ಕಲ್ಲೆದೆನಾ?"

ಬಿ.ಪಿ. ನೋಡಲು ಬಂದಿದ್ದ ನರ್ಸ್ ನಡುವೆ ಬಾಯಿ ಹಾಕಿದಳು. "ಹಾಗಲ್ಲಮ್ಮ. ಪ್ರಜ್ಞೆ ಇರೋವರೆಗೂ ಇವರು ಹೇಳಿದ್ದೇ ನಡೆಯೋದು. ಮನಸ್ಸು ಬದಲಾದ್ರೆ ಬದಲಾಯಿಸಲೂಬಹುದು. ಸಹಿ ಹಾಕಿದ ತಕ್ಷಣ ಟ್ರೀಟ್‌ಮೆಂಟೇ ನಿಲ್ಲಿಸಿಬಿಡ್ತಾರೆ ಅಂತ ಎಲ್ಲರೂ ಹೆದರ್ತಾರೆ, ಹಾಗೇನೂ ಇಲ್ಲ. ವರ್ಷಗಟ್ಟಲೆ ಕಾಯಿಲೆ ಇರೋರಿಗೂ ಹೀಗೆ ಮೊದಲೇ ಬರೆದಿಡಬಹುದು ಅಂತ ಗೊತ್ತಿರಲ್ಲ. ಆದ್ರೆ ಸಂಜೆಯೊಳಗೆ ತೀರ್ಮಾನ ಮಾಡಿ."

ನರ್ಸ್ ಪಕ್ಕದ ಮಂಚಕ್ಕೆ ಹೋದಳು.

"ನಿಮ್ಮಣ್ಣ ಇದ್ದಾರಲ್ಲ, ಅವರನ್ನ ಕೇಳು."

"ಕೇಳಿದೆ. ಅಪಶಕುನ ನುಡೀಬೇಡ ಅಂತ ಬಾಯಿ ಮುಚ್ಚಿಸಿದ. ಪಾಪ, ಅವನಿಗೆ ನಾನಂದ್ರೆ ಜೀವ. ಡಾಕ್ಟರ ಕಾಲು ಹಿಡಿದಾದ್ರೂ ಮೆಷಿನ್ ಓಡಿಸ್ತಾನೆ."

"ನಾನೂ ಹಿಡೀತೀನಿ!"

ಬಾಯಿತಪ್ಪಿ ಬಂದ ಮಾತು. ಅವನ ಕಣ್ಣಂಚಿನಲ್ಲಿ ತುಂಟತನ ಇಣುಕಿತು. ಆ ನೋಟ ಅವಳಿಗೆ ಚೆನ್ನಾಗಿ ಗೊತ್ತು. ಅವನು ನಾಟಕದ ನಟ. ಅವಳು ಪರದೆಯ ಪಕ್ಕದಲ್ಲಿ ಕೂತು, ಅವನು ಮರೆತಾಗ ಮೆಲ್ಲಗೆ ಮಾತು ಎತ್ತಿಕೊಡುವ ಪ್ರಾಂಪ್ಟರ್. ಮರೆಯದಿದ್ದಾಗಲೂ ಅವನು ಹೀಗೇ ಓರೆಗಣ್ಣಿನಿಂದ ನೋಡುತ್ತಿದ್ದ. ನಾಯಕಿ ಎದುರಿಗಿದ್ದರೂ ಇವನ ಕಣ್ಣು ಪರದೆ ಕಡೆಗೇ ಎಂದು ತಂಡದವರೆಲ್ಲ ಕಾಲೆಳೆಯುತ್ತಿದ್ದರು.

"ಬೇರೆಯವರಾದ್ರೆ ನಾನು ಸುಮ್ಮನೆ ನಿಂತ ಕೂಡಲೇ ಮಾತು ಕೊಟ್ಟು ದೃಶ್ಯ ಹಾಳು ಮಾಡ್ತಾರೆ" ಎಂದ ಅವನು. "ಮರೆತು ನಿಂತಿದ್ದೀನಾ, ಮುಗಿಸಿ ನಿಂತಿದ್ದೀನಾ ಅಂತ ನಿನಗೊಬ್ಬಳಿಗೇ ಗೊತ್ತಾಗೋದು."

ಅದು ನಿಜವಾಗಿತ್ತು. ಅದಕ್ಕೇ ಅವಳಿಗೆ ಸಿಟ್ಟು ನೆತ್ತಿಗೇರಿತು.

"ಅಲ್ಲಿ ತಪ್ಪಿದ್ರೆ ಜನ ನಗ್ತಾರೆ. ಇಲ್ಲಿ ತಪ್ಪಿದ್ರೆ ನಾನು ಹೇಗೆ ಬದುಕಲಿ?"

ಅವನು ಹೊದಿಕೆಯ ಅಂಚನ್ನು ಮಡಿಸಿದ, ಬಿಡಿಸಿದ. ರಂಗದ ಮೇಲೆ ಎಂಥೆಂಥ ಸಾವುಗಳನ್ನು ಅಭಿನಯಿಸಿದ್ದವನು ಇವತ್ತು ನಿಜವಾಗಿಯೂ ಹೆದರಿದ್ದ. ಅವಳು ಹೊರಟುಹೋಗುತ್ತಾಳೆಂಬ ಭಯವೂ ಅದರಲ್ಲಿತ್ತು.

ಅವಳು ಕುರ್ಚಿ ಎಳೆದುಕೊಂಡು ಕೂತಳು. "ಯಾವಾಗ ಬಿಡಬೇಕು ಅಂತ ಹೇಳಿದೆ. ಯಾವಾಗ ಬಿಡಬಾರದು ಅಂತ ಹೇಳು. ಅದನ್ನ ಹೇಳದೆ ನಾನು ಒಪ್ಪಲ್ಲ."

"ಅಂದ್ರೆ?"

"ಮತ್ತೆ ಸ್ಟೇಜ್ ಹತ್ತೋಕೆ ಆಗದಿದ್ರೆ? ಹಾಸಿಗೆ ಹಿಡಿದ್ರೆ?"

ಅವನು ಮಾತನಾಡಿದಾಗ ದನಿಯಲ್ಲಿ ನಟನೆ ಒಂದಿಷ್ಟೂ ಇರಲಿಲ್ಲ.

"ಸ್ಟೇಜ್ ಹೋಗಲಿ. ನಡೆಯೋಕಾಗದಿದ್ರೂ ಪರವಾಗಿಲ್ಲ. ನೀನು ಬಾಗಿಲಲ್ಲಿ ಬಂದು ನಿಂತಾಗ ಅದು ನೀನೇ ಅಂತ ನನಗೆ ಗುರುತು ಸಿಕ್ಕರೆ ಸಾಕು. ಆ ಆಸೆ ಇರೋವರೆಗೂ ಬಿಡಬೇಡ. ಎಲ್ಲರ ಜೊತೆ ಜಗಳ ಆಡು."

ಅವಳ ಕಣ್ಣು ತುಂಬಿ ಬಂತು. ಅವನ ಕೈಯನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡಳು. "ಆಡ್ತೀನಿ. ಮುಗೀತು ಅಂತ ಗೊತ್ತಾದ್ರೆ ಸುಮ್ಮನೂ ಇರ್ತೀನಿ. ಅವತ್ತು ನನ್ನನ್ನ ಬೈಕೋಬೇಡ."

"ಇಲ್ಲ" ಎಂದ ಅವನು.

ಸಂಜೆ ನರ್ಸ್ ಮತ್ತೆ ಬಂದು ಪೆನ್ನು ತೆರೆದಳು. "ಹಾಗಾದ್ರೆ ಇವರ ಪರವಾಗಿ ನೀವು. ಇವರಿಗೆ ನೀವೇನಾಗಬೇಕು?"

ಅವನು ಬಾಯಿ ತೆರೆದ. ಮಾತು ಹೊರಡಲಿಲ್ಲ, ಕಿವಿ ಮಾತ್ರ ಕೆಂಪಾಯಿತು. ಅವಳು ಸ್ವಲ್ಪ ಹೊತ್ತು ಕಾದು ನೋಡಿದಳು.

"ಮದುವೆ ಆಗೋಳು ಅಂತ ಬರ್ಕೊಳ್ಳಿ" ಎಂದಳು. "ಅವನಿನ್ನೂ ಕೇಳಿಲ್ಲ. ಆದ್ರೆ ನಾನು ಒಪ್ಪಿದ್ದೀನಿ."