ಭಾತಂಬ್ರಾ ದಾರಿಯಲ್ಲಿ ನಿಂತ ಆಟೋ

ಮಾನ್ಯ ವಾಚಕ ಮಹಾಶಯರೇ, ಮಳೆ ಕೈಕೊಟ್ಟು ಓಣಿಗೆ ಓಣಿಯೇ ಗುಳೆ ಹೊರಟಿದ್ದ ವರ್ಷ ಭಾಲ್ಕಿಯಲ್ಲಿ ನಡೆದ ಪ್ರಕರಣವೊಂದನ್ನು ತಮ್ಮ ಅವಗಾಹನೆಗೆ ಸಾದರಪಡಿಸುತ್ತಿದ್ದೇನೆ. ಔರಾದಿನಿಂದ ಅಲೆಯುತ್ತ ಬಂದ ನಾನು ಆಗ ನಿವೃತ್ತ ವಿಜ್ಞಾನ ಶಿಕ್ಷಕಿ ಶಾಕಿರಾ ಬೇಗಂ ಅವರ ಮನೆಯಲ್ಲಿ ಬಾಡಿಗೆಗಿದ್ದೆ. ಏನೇ ಕಳವಾದರೂ ಜನ ಠಾಣೆಗಿಂತ ಮೊದಲು ಅವರ ಬಳಿಗೆ ಬರುತ್ತಿದ್ದರು.

ಅಂದು ಬಂದವನು ಬ್ಯಾಟರಿ ಆಟೋ ಓಡಿಸುವ ಪಂಢರಿ.

"ಆಪಾ, ಒಂದೇ ಚಾರ್ಜಿಗೆ ಭಾತಂಬ್ರಾಕ್ಕ ಹೋಗಿ ಬರ್ತಿದ್ದ ಗಾಡಿ ಈಗ ನಡು ದಾರ್ಯಾಗ ನಿಲ್ತದ್ರಿ. ನಾ ಛಲೋ ಸೆಲ್ ಕದ್ದು ಹಳೇವು ಇಟ್ಟೇನಿ ಅಂತಾರ ಮಾಲಕರು. ಓಣಿ ಮಂದಿ ಎದುರಿಗೇ ಮನಿ ಜಾಲಾಡಿದ್ರು. ಇನ್ನ ಯಾರೂ ನನಗ ಗಾಡಿ ಕೊಡಲ್ರಿ."

"ಕದ್ದೀಯೇನು?"

"ಕದ್ದಿದ್ರ ನಿಮ್ಮ ಬಲ್ಲಿ ಯಾಕ ಬರ್ತಿದ್ದೆ? ಗುಳೆ ಹೋಗ್ತಿದ್ದೆ."

ಮಾಲೀಕ ಶಿವರಾಜಪ್ಪನ ಬಾಗಿಲಲ್ಲಿ ಅವನ ತಾಯಿ ಗುಂಡಮ್ಮ ನಮಗೆ ಅರ್ಧರ್ಧ ಲೋಟ ನೀರು ಕೊಟ್ಟರು. ಬಾಗಿಲ ಪಕ್ಕದ ಸೀಳಿದ ನೀರಿನ ಡ್ರಮ್ಮಿಗೆ, ತಂತಿಯಿಂದ ಜೋಡಿಸಿದ ಉಕ್ಕಿನ ಪಟ್ಟಿಗಳನ್ನು ಸುತ್ತ ಬಿಗಿಯಲಾಗಿತ್ತು. ಅಂಗಳದಲ್ಲಿ ಶಾಕಿರಾ ಬೇಗಂ ಆಟೋದ ಬ್ಯಾಟರಿ ಪೆಟ್ಟಿಗೆ ತೆರೆಸಿದರು. ಒತ್ತೊತ್ತಾಗಿ ನಿಂತ ಸೆಲ್ಲುಗಳು ದಿಂಬಿನಂತೆ ಉಬ್ಬಿದ್ದವು. ಅವುಗಳ ನೆತ್ತಿಯ ಮೇಲೆ ದಪ್ಪ ಧೂಳು. ನಡುವೆ ಎರಡು ಗೆರೆಗಳಲ್ಲಿ ಮಾತ್ರ ಧೂಳು ತೆಳುವಾಗಿತ್ತು. ಗೆರೆಗಳು ಮೊದಲ ಸೆಲ್ಲಿನಿಂದ ಕೊನೆಯದರವರೆಗೆ ಎಲ್ಲಿಯೂ ಕಡಿದಿರಲಿಲ್ಲ.

ಅವರು ಆಟೋ ಸ್ಟ್ಯಾಂಡಿನ ಚಾಲಕರನ್ನೆಲ್ಲ ಕರೆಸಿದರು.

"ಸೆಲ್ ಬದಲಾಗಿದ್ರ ಈ ಗೆರಿ ನಡುವ ಕಡೀತಿತ್ತು. ಒಂದೂ ಬದಲಾಗಿಲ್ಲ," ಎಂದರು ದಣಿದ ದನಿಯಲ್ಲಿ. "ಚಾರ್ಜ್ ಹಾಕಿದಾಗ ಸೆಲ್ಲಿನ ಒಳಗಿನ ಪದರ ಉಬ್ಬತದ, ಇಳಿದಾಗ ಕುಗ್ಗತದ. ಅದನ್ನ ಒತ್ತಿ ಹಿಡಿಲಿಕ್ಕ ಈ ಗೆರಿ ಇದ್ದಲ್ಲಿ ಎರಡು ಪಟ್ಟಿ ಇದ್ದವು. ಅವು ಹೋದ ಮ್ಯಾಲ ಪದರ ಬಿರುಕು ಬಿಟ್ಟು, ತಾನು ಅಂಟಿದ್ದ ತಗಡಿನಿಂದ ಕಿತ್ತದ. ಕಿತ್ತ ಭಾಗ ಚಾರ್ಜ್ ಹಿಡಿಯಲ್ಲ. ಪಟ್ಟಿ ಅಲ್ಲಿ ಅವ, ಡ್ರಮ್ಮಿಗೆ. ಅಗಲ ಈ ಗೆರಿಗಿ ಹಚ್ಚಿ ನೋಡ್ರಿ. ಉದ್ದ ಸಾಲದ್ದಕ್ಕೇ ತಂತಿ. ಬಿಚ್ಚಿದವರು ಯಾರು, ಶಿವರಾಜಪ್ಪ?"

ಶಿವರಾಜಪ್ಪ ತಲೆ ತಗ್ಗಿಸಿದ. "ಅವ್ವನ ನೀರೆಲ್ಲಾ ಸೋರ್ತಿತ್ರಿ. ಪಟ್ಟಿಗೆ ವಾಯರ್ ಇರಲಿಲ್ಲ, ಸುಮ್ಮ ಕುಂತದ ಅಂತ ತಿಳಿದೆ."

"ಗಾಡಿ ಉಡದಾರ ಬಿಚ್ಚಿ ಡ್ರಮ್ಮಿಗಿ ಕಟ್ಟ್ಯಾರ ನೋಡ್ರಿ," ಎಂದ ಒಬ್ಬ ಚಾಲಕ. ಯಾರೂ ಹೆಚ್ಚು ನಗಲಿಲ್ಲ.

"ತಪ್ಪಾತು, ಪಂಢರಿ," ಎಂದ ಶಿವರಾಜಪ್ಪ.

"ಇಲ್ಲಿ ಅಂದ್ರ ಸಾಲಲ್ರಿ. ಜಾಲಾಡಿದ ಓಣ್ಯಾಗ ಬಂದು ಅನ್ರಿ."

ಹೋದೆವು. ಸಾಲು ಬಾಗಿಲುಗಳಿಗೆ ಬೀಗ ಬಿದ್ದಿತ್ತು. ಪಂಢರಿಯ ಹೆಂಡತಿ ಅಂಜನಾಬಾಯಿ ಹೊಸ್ತಿಲಲ್ಲಿ ನಿಂತು ಎಲ್ಲವನ್ನೂ ಕೇಳಿದಳು.

"ಆವತ್ತು ನಿಂತು ನೋಡಿದೋರು ಎಲ್ಲಾ ಹೈದರಾಬಾದಿಗೆ ಕಲ್ಲು ಹೊರಲಿಕ್ಕ ಹೋಗ್ಯಾರ್ರಿ. ಅಲ್ಲಿ ನಾವು ಇನ್ನೂ ಕಳ್ಳರೇ. ಈಗ ಬೀಗಕ್ಕ ಹೇಳ್ತೀರೇನು?"

ಶಾಕಿರಾ ಬೇಗಂ ನನ್ನತ್ತ ನೋಡಿದರು. "ನಿಂಗ ತಿರುಗೋ ಚಟ ಅದ ಅಲ್ಲಾ, ಹೈದರಾಬಾದಿಗೂ ಹೋಗಿ ಬಾ."

ಅವರೆಲ್ಲ ಯಾವ ಕಟ್ಟಡದಲ್ಲಿ ದುಡಿಯುತ್ತಿದ್ದಾರೆಂದು ಅಂಜನಾಬಾಯಿಯನ್ನು ಕೇಳಿಕೊಂಡೆ. ಕೋಣೆಗೆ ಬಂದು ಎರಡು ಅಂಗಿ, ಒಂದು ಚಾದರ ಗಂಟು ಕಟ್ಟಿದೆ.

"ನಾನೂ ಬರಬೇಕೇನ್ರಿ?" ಎಂದ ಹಿಂದೆಯೇ ಬಂದಿದ್ದ ಶಿವರಾಜಪ್ಪ.

"ತಪ್ಪಾತು ಅನ್ನೋ ಮಾತು ನಿಮ್ಮದಲ್ಲೇನ್ರಿ," ಎಂದೆ. ಅವನನ್ನು ಮುಂದೆ ಹತ್ತಿಸಿ, ಹೈದರಾಬಾದಿನ ದಾರಿ ಹಿಡಿಯಲು ಬೀದರಿನ ಬಸ್ಸು ಹತ್ತಿದೆ.