ಮೂರನೇ ಪ್ಲಗ್

"ಬ್ರೇಕ್ ಮಾತ್ರ ನೋಡಿ. ಎಂಜಿನ್ ಮಿಸ್ಸಿಂಗ್ ತಂಟೆಗೆ ಹೋಗ್ಬೇಡಿ."

ಟೈಲರಮ್ಮ ಕಾರಿನ ಕೀಲಿ ಕೊಟ್ಟಳು, ಆದರೆ ಬೆರಳು ಸಡಿಲಿಸಲಿಲ್ಲ. ಹೊಸ ಮೆಕ್ಯಾನಿಕ್ ನಕ್ಕ. ಬೂದು ಬಣ್ಣದ ಆ ಹಳೇ ಕಾರು ಗ್ಯಾರೇಜಿನ ಬಾಗಿಲು ದಾಟುವಾಗಲೇ ಅವನ ಕಿವಿ ಅದರ ರೋಗ ಪತ್ತೆ ಹಚ್ಚಿತ್ತು. ನಾಲ್ಕು ಸಿಲಿಂಡರಿನ ಎಂಜಿನ್ನು ಮೂರರಲ್ಲೇ ಕುಂಟುತ್ತಿದೆ. ಟುಕ್, ಟುಕ್, ಒಂದು ಖಾಲಿ, ಟುಕ್.

"ಕುಂಟೋ ಗಾಡಿನ ಕುಂಟೋಕೇ ಬಿಟ್ರೆ ನಾವು ಮಣ್ಣು ತಿನ್ಬೇಕಷ್ಟೇ ಅಮ್ಮ."

"ನಗ್ಬೇಡಿ. ನನ್ನ ಮೈದುನ ಈ ಗಾಡಿಗೆ ಬಾಯಿಕಟ್ಟು ಮಾಟ ಮಾಡಿಸಿದ್ದ. ನಮ್ಮ ಯಜಮಾನ್ರು ಒಂದು ಮಾತೂ ಆಡಲಾರದೆ ತೀರಿಕೊಂಡ್ರು. ಆಮೇಲೆ ಒಬ್ಬ ಮುದುಕನ್ನ ಕರೆಸಿ ಮೂರನೇ ಪ್ಲಗ್ಗಿಗೆ ದಾರ ಕಟ್ಸಿದೀನಿ. ಅಲ್ಲಿ ಕಿಡಿ ಬೀಳಬಾರದು. ಬಿದ್ರೆ, ಬೀಳಿಸಿದವರ ಮನೆಯವರಲ್ಲಿ ಒಂದು ಬಾಯಿ ಹೋಗುತ್ತೆ."

"ಪರವಾಗಿಲ್ಲ, ಆ ಮುದುಕನಿಗೆ ಸಿಲಿಂಡರ್ ಎಣಿಸೋಕೆ ಬರುತ್ತೆ. ನಮ್ಮ ಮಾಲೀಕರಿಗೆ ಅದೂ ಬರಲ್ಲ."

ಅವಳು ನಗಲಿಲ್ಲ. "ನಿಮ್ಮ ಮನೇಲಿ ಯಾರ್ಯಾರಿದಾರೆ?"

"ಯಾವ ಮನೆ? ಮೇಲಿನ ರೂಮಲ್ಲಿ ನಾನೊಬ್ನೇ."

ಅವಳ ಮುಖ ಸ್ವಲ್ಪ ಹಗುರವಾಯಿತು. ಕೀಲಿ ಬಿಟ್ಟು, ಹೊಲಿದ ಬಟ್ಟೆಯ ಗಂಟು ಹೊತ್ತು ಹೊರಟುಹೋದಳು.

ಅವನು ಹೇಳಿದ್ದು ಅರ್ಧ ನಿಜ. ಹೆಂಡತಿ ತೀರಿಕೊಂಡಿದ್ದಳು. ಮಗಳು ಬೇರೆ ಊರಲ್ಲಿ, ಅವನ ತಂಗಿಯ ಮನೆಯಲ್ಲಿದ್ದಳು. ಎಲ್ಲರೂ ಅವಳನ್ನು ರೇಡಿಯೋ ಎಂದೇ ಕರೆಯುತ್ತಿದ್ದರು, ಒಮ್ಮೆ ಶುರುವಾದರೆ ನಿಲ್ಲಿಸುವ ಗುಂಡಿಯೇ ಇಲ್ಲ ಎಂದು. ಸಂಜೆಯಾದರೆ ಅವಳ ಫೋನು. ಬೆಕ್ಕು ಮರಿ ಹಾಕಿದ್ದು, ಟೀಚರು ಸೀನಿದ್ದು, ಹಲ್ಲು ಅಲುಗುತ್ತಿರುವುದು. ಈ ಊರಲ್ಲಿ ಅವನೊಡನೆ ಪಾನಾ, ನಟ್ಟು, ಆಯಿಲ್ಲು ಬಿಟ್ಟು ಬೇರೆ ಮಾತಾಡುವ ದನಿ ಅದೊಂದೇ. ಮಾಲೀಕ ಕೆಲಸ ಮೆಚ್ಚಿದರೆ ಕಾಯಂ ಮಾಡುತ್ತಾನೆ. ಕಾಯಂ ಆದರೆ ಒಂದು ಮನೆ. ಮನೆಯಾದರೆ ಮಗಳು.

ಮಾರನೆಯ ದಿನ ರಜೆ. ಬೀದಿಯ ಷಟರುಗಳೆಲ್ಲ ಇಳಿದಿದ್ದವು. ಅವನೊಬ್ಬನೇ ಕೂತು ಬ್ರೇಕ್ ಮುಗಿಸಿದ. ಗ್ಯಾರೇಜಿನಲ್ಲಿ ಸುಟ್ಟ ಆಯಿಲ್ಲಿನ, ಒದ್ದೆ ರಬ್ಬರಿನ ವಾಸನೆ ಮಡುಗಟ್ಟಿತ್ತು. ಪರೀಕ್ಷೆಗೆಂದು ಎಂಜಿನ್ ಚಾಲೂ ಮಾಡಿದ. ಟುಕ್, ಟುಕ್, ಖಾಲಿ, ಟುಕ್. ಆ ಖಾಲಿ ಅವನಿಗೆ ಸಹಿಸಲಾಗಲಿಲ್ಲ. ಊಟಕ್ಕೆ ಕೂತಾಗ ಎದುರಿನ ಮಣೆ ಬರಿದಾಗಿರುತ್ತದಲ್ಲ, ಹಾಗೆ. ಇಷ್ಟು ವರ್ಷ ಕಿವಿಯಿಂದಲೇ ಬದುಕಿದವನು ಕುಂಟುವ ಎಂಜಿನ್ನಿನ ಬಾನೆಟ್ ಹೇಗೆ ಮುಚ್ಚಿಯಾನು?

ಓಡುವ ಎಂಜಿನ್ನಿನಲ್ಲೇ ಪ್ಲಗ್ ವೈರುಗಳನ್ನು ಒಂದೊಂದಾಗಿ ಕಿತ್ತು ನೋಡಿದ. ಯಾವುದನ್ನು ಕಿತ್ತಾಗ ಸದ್ದು ಬದಲಾಗುವುದಿಲ್ಲವೋ ಅದೇ ಸತ್ತ ಸಿಲಿಂಡರು. ಮೊದಲನೆಯದು ಕಿತ್ತ, ಎಂಜಿನ್ ಮುಗ್ಗರಿಸಿತು. ಎರಡನೆಯದಕ್ಕೂ ಮುಗ್ಗರಿಸಿತು. ಮೂರನೆಯದಕ್ಕೆ ಏನೂ ಆಗಲಿಲ್ಲ.

ಎಂಜಿನ್ ಆರಿಸಿ ಪ್ಲಗ್ ಬಿಚ್ಚಿದ. ಅದರ ಕುತ್ತಿಗೆಗೆ ಕಪ್ಪು ದಾರ ಸುತ್ತಿ ಸುತ್ತಿ ಗಂಟು ಹಾಕಿದ್ದರು, ಗಂಟಿನೊಳಗೆ ಕೂದಲು. ತುದಿಗೆ ಮೇಣ ಮೆತ್ತಿತ್ತು. "ಇಷ್ಟು ಮೇಣ ಮೆತ್ತಿದ್ರೆ ಯಾವ ಕಿಡಿ ಹಾರುತ್ತೆ," ಎಂದು ತನಗೆ ತಾನೇ ಹೇಳಿಕೊಂಡ. ಕೆಲಸದ ಕೊನೆಗೆ ಕೊಳಕು ಬಟ್ಟೆಯನ್ನು ತಗಡಿನ ಡಬ್ಬಿಯಲ್ಲಿ ಸುಡುವುದು ಅವನ ರೂಢಿ. ದಾರವನ್ನೂ ಆ ಡಬ್ಬಿಗೆ ಹಾಕಿ ಕಡ್ಡಿ ಗೀರಿದ. ಮಾಂಸ ಸುಟ್ಟ ವಾಸನೆ ಬಂತು. ಕೂದಲಿಗೆ ಇಷ್ಟೊಂದು ನಾತವೇ?

ಹೊಸ ಪ್ಲಗ್ ಹಾಕಿ ಕೀಲಿ ತಿರುಗಿಸಿದ.

ಎಂಥ ಓಟ! ನಾಲ್ಕೂ ಸಿಲಿಂಡರು ಒಂದೇ ಉಸಿರಲ್ಲಿ ಹಾಡಿದವು. ಅವನು ಕಣ್ಣು ಮುಚ್ಚಿ ಕೇಳಿದ. ಸದ್ದಿನ ಅಡಿಯಲ್ಲಿ ಇನ್ನೊಂದು ಸದ್ದಿತ್ತು. ಸಣ್ಣದು. ಎಡೆಬಿಡದ್ದು. ತಡೆಯಿಲ್ಲದೆ ಹರಟುವ ಮಗುವಿನದು.

"...ಆಮೇಲೆ ಬೆಕ್ಕು ಏನ್ಮಾಡ್ತು ಗೊತ್ತಾ..."

ಫೋನು ಬಡಿದುಕೊಂಡಿತು. ತಂಗಿ.

"ಅಣ್ಣಾ, ನಿನ್ನ ರೇಡಿಯೋಗೆ ಏನಾಯ್ತೋ! ಮಾತಾಡ್ತಾ ಮಾತಾಡ್ತಾ ಇದ್ದವಳ ಬಾಯಿ ನಿಂತುಹೋಯ್ತು. ಬಾಯಿ ತೆಗೀತಾಳೆ, ಸ್ವರಾನೇ ಇಲ್ಲ. ಕತ್ತು ಹಿಡ್ಕೊಂಡು ಅಳ್ತಿದಾಳೆ, ಅಳುವಿಗೂ ಸದ್ದಿಲ್ಲ ಕಣೋ!"

ಅವನು ಕೀಲಿ ಹಿಂದಕ್ಕೆ ತಿರುಗಿಸಿದ. ಎಂಜಿನ್ ನಿಲ್ಲಲಿಲ್ಲ. ಮೂರನೇ ವೈರು ಕಿತ್ತ. ನಿಲ್ಲಲಿಲ್ಲ. ನಾಲ್ಕೂ ಕಿತ್ತ. ಕಿಡಿಯಿಲ್ಲದೆ ಓಡಿತು. ಬ್ಯಾಟರಿ ಬಿಚ್ಚಿದ. ಓಡಿತು. ಟೈಲರಮ್ಮನಿಗೆ ಫೋನು ಮಾಡಿದ. ಮೂರನೇ ಪ್ಲಗ್ ಬದಲಿಸಿದ್ದು ಹೇಳಿದ.

"ದಾರ ಎಲ್ಲಿ?" ಎಂದಳು ಅವಳು.

"ಸುಟ್ಟೆ."

"ಒಬ್ಬನೇ ಅಂದಿದ್ರಲ್ಲ..."

"ಮಗಳಿದಾಳಮ್ಮಾ. ಚಿಕ್ಕವಳು."

"ಹಾಗಾದ್ರೆ ಬಾಯಿಗೆ ಬಾಯಿ ಕೊಡ್ಬೇಕು. ಅದು ಗಾಳಿ ಎಳ್ಕೊಳ್ಳೋ ಕಡೆ ಬಾಯಿಟ್ಟು ಮಾತಾಡಿ. ಮಾತು ಮುಗಿಯೋವರೆಗೂ ಎದ್ದೇಳ್ಬೇಡಿ. ನನ್ನ ಗಂಡನಿಗೋಸ್ಕರ ನಾನು ಕೊಡ್ಲಿಲ್ಲ. ಹೆದರಿದೆ." ಲೈನು ಕಟ್ಟಾಯಿತು.

ಏರ್ ಫಿಲ್ಟರ್ ಕಿತ್ತೆಸೆದ. ಕಾರ್ಬೊರೇಟರ್ ಬಾಯಿ ತೆರೆದು ಗಾಳಿ ಹೀರುತ್ತಿತ್ತು. ಅಂಗೈ ಒತ್ತಿದ. ಚರ್ಮ ಒಳಕ್ಕೆ ಜಗ್ಗಿತು. ಎಂಜಿನ್ ನಿಲ್ಲಲಿಲ್ಲ. ಆ ಸಣ್ಣ ದನಿ ದೂರವಾಗುತ್ತಿತ್ತು. ಆಳಕ್ಕೆ. ಕಬ್ಬಿಣದ ಹೊಟ್ಟೆಯೊಳಕ್ಕೆ.

ಅವನು ಬಗ್ಗಿದ. ಪೆಟ್ರೋಲಿನ ತಣ್ಣನೆ ಕಮಟು ಗಂಟಲಿಗಿಳಿಯಿತು. ತುಟಿ ಲೋಹಕ್ಕೆ ತಾಗಿತು. ಏನು ಮಾತಾಡುವುದು? ಮಗಳ ಹೆಸರು ಹೇಳಿದ. ಅದು ಹೋಯಿತು. ಹೆಂಡತಿಯ ಹೆಸರು. ಹೋಯಿತು. ಬಯ್ದ. ಬೇಡಿಕೊಂಡ. ಎಂದೋ ಹಾಡಿದ ಜೋಗುಳದ ಎರಡು ಸಾಲು. ಹೋದವು. ಒಂದೊಂದು ಮಾತೂ ನಾಲಿಗೆಯ ಬೇರಿನಿಂದ ಕಿತ್ತು ಹೋಗುತ್ತಿತ್ತು. ಕಣ್ಣಿಗೆ ಕತ್ತಲೆ ಕವಿಯಿತು. ಬಾಯಿ ಆಡಿತು. ಗಾಳಿ ಬಂತು. ಸ್ವರ ಬರಲಿಲ್ಲ.

ಎಂಜಿನ್ ಒಮ್ಮೆ ಕೆಮ್ಮಿ ನಿಂತಿತು.

ಷಟರಿನ ಸಂದಿಯಿಂದ ಬಂದ ಬಿಸಿಲು ನೆಲದ ಆಯಿಲ್ ಕಲೆಯ ಮೇಲೆ ಬಿದ್ದಿತ್ತು. ಫೋನು ಮತ್ತೆ ಬಡಿದುಕೊಂಡಿತು. ಎತ್ತಿದ.

"ಅಪ್ಪಾ! ನಂಗೆ ಮಾತೇ ಬರ್ತಿರ್ಲಿಲ್ಲ! ಈಗ ಬಂತು! ಅತ್ತೆ ಎಷ್ಟು ಅತ್ರು ಗೊತ್ತಾ? ಮೂಗೆಲ್ಲ ಕೆಂಪು, ಟೊಮೇಟೊ ಥರ! ...ಅಪ್ಪಾ? ಕೇಳಿಸ್ತಾ?"

ಕೇಳಿಸುತ್ತಿತ್ತು. ಒಂದಕ್ಷರ ಬಿಡದೆ ಕೇಳಿಸುತ್ತಿತ್ತು. ಅವನು ಬಾಯಿ ತೆರೆದ, ಮುಚ್ಚಿದ. ಗಂಟಲಿನ ನರ ಉಬ್ಬಿತು. ಏನೂ ಹೊರಬರಲಿಲ್ಲ.

"ಯಾಕಪ್ಪಾ ಮಾತಾಡಲ್ಲ? ಕೋಪಾನಾ?"

ಕೈಗೆ ಸಿಕ್ಕಿದ ಪಾನಾ ಎತ್ತಿಕೊಂಡು ಕಾರಿನ ಬಂಪರಿಗೆ ಬಡಿದ. ಠಣ್. ಇದ್ದೀನಿ ಎಂದು. ಠಣ್, ಠಣ್. ಕೇಳುತ್ತಿದ್ದೀನಿ ಎಂದು. ಬಡಿದೇ ಬಡಿದ.

ಆ ಕಡೆ ಮಗಳು ಒಂದು ಗಳಿಗೆ ಕಿವಿಗೊಟ್ಟಳು. ಆಮೇಲೆ ಫೋನಿನಿಂದ ಆಚೆ ತಿರುಗಿ, "ಅತ್ತೆ, ಅಪ್ಪ ಕೆಲಸದಲ್ಲಿದಾರೆ," ಎಂದು ಹೇಳಿದ್ದು ಅವನಿಗೆ ಸ್ಪಷ್ಟವಾಗಿ ಕೇಳಿಸಿತು. ಫೋನು ಇಟ್ಟಳು.