ಒಂದೇ ಕಿಟಕಿಯ ಎರಡು ಪ್ರಬಂಧಗಳು

"ರಾಧಿಕಾ, ಅತುಲ... ಇಬ್ರೂ ಕ್ಯಾಮೆರಾ ಚಾಲೂ ಮಾಡ್ರಿ. ನಿಮ್ಮೊಳಗ ಒಬ್ರು ಕಳ್ಳರಿದ್ದೀರಿ."

ಕಲ್ಯಾಣಕುಮಾರ ಸರ್ ದನಿ ಎತ್ತರಿಸಲಿಲ್ಲ. ಅದೇ ಹೆಚ್ಚು ಹೆದರಿಸಿತು. ಪರದೆಯ ಮೇಲೆ ಹದಿನೇಳು ಚೌಕಗಳಿದ್ದವು.

ಕೊಳಕೂರಿನ ಪಂಚಾಯಿತಿ ಗ್ರಂಥಾಲಯ ನೋಡಿಕೊಳ್ಳುವವಳು ರಾಧಿಕಾ. ಬಾಗಿಲು ಮುಂದೆ ಮಾಡಿ, ಅಲ್ಲಿನ ಕಂಪ್ಯೂಟರಿನಲ್ಲೇ ತರಗತಿಗೆ ಕೂತಿದ್ದಳು.

ಕಳ್ಳರು? ನಾನೇ?!

ಅದು ಆಳಂದದ ಓದುಗರ ಬಳಗದ ಆನ್‌ಲೈನ್ ತರಗತಿ. ಆಳಂದ, ಅಫಜಲಪುರ, ಜೇವರ್ಗಿಯ ಹುಡುಗ ಹುಡುಗಿಯರಿಗೆ ವಾರಕ್ಕೆರಡು ಸಂಜೆ ಜಗತ್ತಿನ ಸಾಹಿತ್ಯ, ಹೊರದೇಶದ ಸಿನಿಮಾ. ನಕಲು ಮಾಡಿದವರಿಗೆ ಬಾಗಿಲು ಬಂದ್ ಎಂಬುದು ಮೊದಲ ದಿನದ ಕರಾರು.

ಅತುಲನ ಚೌಕ ತೆರೆಯಿತು. ತೆಳ್ಳಗಿನ ಮುಖ, ಕನ್ನಡಕ, ಬೆನ್ನ ಹಿಂದೆ ಕಾನೂನು ಪುಸ್ತಕಗಳ ಕಪಾಟು.

ನಾಲ್ಕು ತಿಂಗಳು ಬರೀ ಮೆಸೇಜಿನ ಅಕ್ಷರಗಳಾಗಿದ್ದವನು ಇವನೇ! ಅವಳ ಎದೆ ಒಮ್ಮೆ ಹಾರಿತು. ಮರುಗಳಿಗೆಗೆ ಆ ಎದೆಯ ಮೇಲೇ ಅವಳಿಗೆ ಸಿಟ್ಟು ಬಂತು.

"‘ನೀವು ಪೂರ್ತಿ ನೋಡಲಾಗದ ಸಿನಿಮಾ’ ಅಂತ ಪ್ರಬಂಧ ಕೊಟ್ಟಿದ್ದೆ," ಸರ್ ಮುಂದುವರಿಸಿದರು. "ಇಬ್ರದ್ರಾಗೂ ಜಮೀನ್ದಾರರದೊಂದು ವಾಡೆ ಅದ. ಹಸಿರು ಕಿಟಕಿ ಅದ. ಟಿವಿಯೊಳಗ ನದಿ ದಂಡ್ಯಾಗ ಗಂಟು ಹಿಡಕೊಂಡು ನಿಂತ ಹೆಂಗಸು. ದೋಣಿ ಬರೂದ್ರಾಗ ಕಿಟಕಿ ಮುಚ್ಚತದ. ಇಷ್ಟು ಬರೋಬ್ಬರಿ ಇಬ್ರಿಗೆ ಹೆಂಗ ಬಂತು?"

"ಸರ್, ಅದು ನಮ್ಮವ್ವನ ಕಥಿರಿ!" ರಾಧಿಕಾಳ ದನಿ ಒಡೆಯಿತು. "ಹನ್ನೊಂದು ವರ್ಷದಾಕಿ ಇದ್ದಾಗ ವಾಡೆ ಹೊರಗ ನಿಂತು ನೋಡ್ಯಾಳ. ನಾಲ್ಕು ಮಂದಿ ಗುಂಪಿನ ಚರ್ಚೆಯೊಳಗ ನಾನೇ ಹೇಳಿದ್ದೆ. ಇವರೂ ಇದ್ರು. ಕೇಳಿ, ನೆಟ್‌ವರ್ಕ್ ಹೋತು ಅಂತ ಎದ್ದು ಹೋದ್ರು!"

"ಅತುಲ?"

ಜೇವರ್ಗಿಯ ವಕೀಲ ಗುರುರಾಜರ ಮಗ ಅವನು, ತಾನೂ ವಕೀಲ. ಆದರೂ ವಾದಕ್ಕೆ ಇಳಿಯಲಿಲ್ಲ.

"ನಂದು ವಾಪಸ್ ತಗೋತೇನಿ ಸರ್. ಅವರದೇ ಇರಲಿ."

"ದಾನ ಮಾಡಾಕತ್ತೀರೇನ್ರಿ?" ಅವಳು ಸಿಡಿದಳು. "ನಿಮ್ಮಂಥ ದೊಡ್ಡ ಮನಿತನದವರು ನಮ್ಮವರ ಹೊಲ ತಗೊಂಡ್ರಿ, ದುಡಿಮಿ ತಗೊಂಡ್ರಿ. ಈಗ ಕಥಿನೂ ಬೇಕಾತೇನು ನಿಮಗ?"

ಅವನ ಚೌಕ ಕಪ್ಪಾಯಿತು.

ತರಗತಿ ಮುಗಿಯುತ್ತಲೇ ಅಫಜಲಪುರದಿಂದ ಗೆಳತಿ ಜಸ್ಮೀನಳ ಫೋನು ಬಂತು.

"ಏನ್ ಬೇ, ಭರೇ ಕ್ಲಾಸಿನ್ಯಾಗ ವಕೀಲನ ಕೋಟ್ ಬಿಚ್ಚಿಸಿಬಿಟ್ಟಿ!"

"ನಗಬ್ಯಾಡ ಜಸ್ಮೀನ."

"ನಗೂದಿಲ್ಲ. ಆದ್ರ ಒಂದು ಕೇಳ್ತೇನಿ. ಕರೆಂಟ್ ಹೋದಾಗೆಲ್ಲ ನಿನಗ ಪಾಠ ಕೈಯಾರೆ ಬರದು ಫೋಟೋ ಕಳಸ್ತಿದ್ದಾಂವ ಇವನೇ ಅಲ್ಲೇನು? ಅವನ ಮೆಸೇಜ್ ಬರಲಿಲ್ಲಂದ್ರ ನಿನಗ ಊಟ ಸೇರ್ತಿರಲಿಲ್ಲ..."

ರಾಧಿಕಾ ಫೋನು ಇಟ್ಟುಬಿಟ್ಟಳು.

ಹೌದು, ಅವನೇ. ಅವನ ದುಂಡನೆಯ ಅಕ್ಷರಗಳಿಗೆ ಅವಳು ಕಾದಿದ್ದು ಸುಳ್ಳಲ್ಲ. ಈಗ ಪ್ರತಿ ಮೆಸೇಜನ್ನೂ ಮತ್ತೆ ತೆಗೆದು ಓದಿದಳು. ‘ನಿಮ್ಮ ತಾಯಿ ಇನ್ನೇನು ಹೇಳ್ಯಾರ?’ ‘ಕಿಟಕಿ ಯಾವ ದಿಕ್ಕಿಗಿತ್ತು?’ ‘ಅವರಿಗೆ ಆ ಮನಿ ಮ್ಯಾಲ ಇನ್ನೂ ಸಿಟ್ಟದ ಏನು?’

ಅಂದು ಇದನ್ನೆಲ್ಲ ಪ್ರೀತಿ ಎಂದುಕೊಂಡಿದ್ದಳು. ಇದು ಸಾಕ್ಷಿ ಕಲೆಹಾಕುವ ವಕೀಲನ ಪಾಟೀಸವಾಲು! ನಾನೆಂಥ ಹುಚ್ಚಿ...

ಮರುದಿನ ಸರ್ ಅತುಲನ ಪ್ರಬಂಧವನ್ನು ಅವಳಿಗೇ ಕಳಿಸಿದರು. ‘ಯಾವ ಸಾಲು ನಿಂದು, ಗುರುತು ಹಾಕಮ್ಮ. ಬುಧವಾರ ತೀರ್ಮಾನ.’

ಅವಳು ಅದನ್ನು ಮುದ್ರಿಸಿ ಕೆಂಪು ಪೆನ್ನು ಹಿಡಿದಳು. ವಾಡೆ... ಗೆರೆ. ಹಸಿರು ಕಿಟಕಿ... ಗೆರೆ. ದೋಣಿ... ಹಾಳೆ ಹರಿಯುವಂತೆ ಗೆರೆ!

ಮೂರನೇ ಪುಟದಲ್ಲಿ ಪೆನ್ನು ನಿಂತಿತು.

‘ಕಿಟಕಿಯ ಚೌಕಟ್ಟಿನ ಮೇಲೆ ಒಂದು ಹುಡುಗಿಯ ಬೆರಳುಗಳಿದ್ದವು. ಒಳಗಿನ ಕೈ ಬಾಗಿಲನ್ನು ಜೋರಾಗಿ ಎಳೆಯಿತು. ನಡುಬೆರಳು ಸಿಕ್ಕಿಕೊಂಡಿತು. ಹುಡುಗಿ ಕೂಗಲಿಲ್ಲ.’

ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಹೇಳುವುದೆಲ್ಲಿಂದ? ಅವಳಿಗೇ ಗೊತ್ತಿರಲಿಲ್ಲ!

ಗ್ರಂಥಾಲಯಕ್ಕೆ ಕೀಲಿ ಹಾಕಿ ಮನೆಗೆ ಓಡಿದಳು. ಚಂದಮ್ಮ ಅಂಗಳದಲ್ಲಿ ತೊಗರಿಬೇಳೆ ಹಸನು ಮಾಡುತ್ತಿದ್ದಳು. ಬಲಗೈಯ ನಡುಬೆರಳು ಮೊದಲ ಗೆಣ್ಣಿನಿಂದ ವಾರೆ. ಕಾಳು ಒಕ್ಕುವ ರಾಶಿ ಮಿಷನ್ನಿಗೆ ಸಿಕ್ಕಿತ್ತೆಂದು ಮನೆಯವರಿಗೆಲ್ಲ ಹೇಳುತ್ತ ಬಂದ ಬೆರಳು ಅದು.

"ಯವ್ವಾ, ಖರೇ ಹೇಳು. ಈ ಬೆರಳು ಕಿಟಕಿಯೊಳಗ ಸಿಕ್ಕಿತ್ತೇನು?"

ಮೊರ ನಿಂತಿತು.

"ಯಾರು ಹೇಳಿದ್ರು ಬೇ ನಿನಗ?"

"ನೀ ಯಾಕ ಹೇಳಲಿಲ್ಲ?"

"ಸಿನಿಮಾ ನೋಡಾಕ ಹೋಗಿ ಬೆರಳು ಮುರಕೊಂಡೆ ಅಂತ ಹೆಂಗ ಹೇಳ್ಲಿ?" ಚಂದಮ್ಮ ಕೈಯನ್ನು ಸೆರಗಿನೊಳಗೆ ಮುಚ್ಚಿಕೊಂಡಳು. "ನಮ್ಮಪ್ಪ ನನಗೇ ಬಡೀತಿದ್ದ. ಆಮ್ಯಾಲ ಆಮ್ಯಾಲ... ನಾಚಿಕಿ ಬಂತು."

ಮುಚ್ಚಿದವರಿಗೆ ಬಾರದ ನಾಚಿಕೆಯನ್ನು ಬೆರಳು ಮುರಿದುಕೊಂಡವಳು ಮೂವತ್ತೈದು ವರ್ಷ ಹೊತ್ತಿದ್ದಳು! ರಾಧಿಕಾಳ ಕಣ್ಣುಗಳು ಉರಿದವು. ಈ ಬೆರಳಿನ ಸುದ್ದಿ ಹೊರಗಿದ್ದವಳಿಗೆ ಗೊತ್ತು. ಇನ್ನು ಗೊತ್ತಿರಬೇಕಾದದ್ದು ಒಳಗಿದ್ದವರಿಗೆ ಮಾತ್ರ.

ಹಾಗಾದರೆ ಅತುಲ...

ಮಧ್ಯಾಹ್ನದ ಬಸ್ಸಿಗೆ ಜೇವರ್ಗಿ ಸೇರಿದಳು. ಕೋರ್ಟಿನ ಎದುರಿನ ಝೆರಾಕ್ಸ್ ಅಂಗಡಿಯ ಮುಂದೆ, ಕರಿ ಕೋಟು ತೋಳಿನ ಮೇಲೆ ಹಾಕಿಕೊಂಡು ಅವನು ನಿಂತಿದ್ದ. ಅವಳನ್ನು ಕಂಡು ಕೈಯಲ್ಲಿದ್ದ ಕಾಗದ ಜಾರಿತು.

"ಆ ಕಿಟಕಿ ಯಾರದು?" ನಮಸ್ಕಾರವಿಲ್ಲ, ಪೀಠಿಕೆಯಿಲ್ಲ.

"ನಮ್ಮದು," ಅವನು ಮೆಲ್ಲಗೆ ಹೇಳಿದ. "ನಾನು ಹುಟ್ಟೂಕಿಂತ ಮೊದಲೇ ನಮ್ಮವರು ವಾಡೆ ಮಾರಿ ಇಲ್ಲಿ ಬಂದ್ರು. ನೀವು ಗುಂಪಿನ್ಯಾಗ ಕೊಳಕೂರ, ಹಸಿರು ಕಿಟಕಿ ಅಂದ್ರಿ. ನನಗ ಎದಿ ಝಲ್ಲಂತು. ನೆಟ್‌ವರ್ಕ್ ಹೋಗಿರಲಿಲ್ರಿ, ನಾನೇ ಎದ್ದು ಹೋದೆ. ಅಜ್ಜಿಗೆ ಕೇಳಿದೆ. ಅಜ್ಜಿ ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ ಬೆರಳಿನ ಸುದ್ದಿ ಹೇಳಿದಳು."

"ನನಗ ಯಾಕ ಹೇಳಲಿಲ್ಲ?"

"ಹೇಳಿದ್ರ ನೀವು ಮಾತು ಬಿಡ್ತೀರಿ ಅಂತ... ಹೆದರಿದ್ದೆ."

"ಹೆದರಿ ‘ಒಂದು ಊರು’ ಅಂತ ಬರದ್ರಿ. ‘ಒಂದು ಮನಿ’. ‘ಒಂದು ಕೈ’. ಊರಿಗೆ ಹೆಸರಿಲ್ಲೇನು? ಆ ಕೈಗೆ ಹೆಸರಿಲ್ಲೇನು?"

ಅವನು ಬಗ್ಗಿ ಜಾರಿದ ಕಾಗದ ಎತ್ತಿಕೊಂಡ.

"ಮತ್ತ ವಾಪಸ್ ತಗೊಂಡ್ರಿ. ಯಾರನ್ನ ಉಳಿಸಿದ್ರಿ, ನನ್ನನ್ನೇನು? ನಿಮ್ಮ ಮನೀನ!"

ಝೆರಾಕ್ಸ್ ಅಂಗಡಿಯ ರಸೂಲ ಯಂತ್ರ ನಿಲ್ಲಿಸಿ ಕಿವಿಗೊಟ್ಟಿದ್ದ. "ಅಕ್ಕಾರು ಅಡ್ವೊಕೇಟ್ ಏನ್ರಿ?" ಎಂದು ಪಿಸುಗುಟ್ಟಿದ. ಇಬ್ಬರೂ ಅವನತ್ತ ನೋಡಿದ ಬಗೆಗೆ ಯಂತ್ರ ಮತ್ತೆ ಓಡತೊಡಗಿತು.

"ಬುಧವಾರ ಕ್ಲಾಸಿನ್ಯಾಗ ಓದ್ರಿ," ಎಂದಳು ರಾಧಿಕಾ. "ಹೆಸರು ಹಚ್ಚಿ ಓದ್ರಿ. ಕ್ಯಾಮೆರಾ ಚಾಲೂ ಇಟ್ಟು."

"ಅಪ್ಪ..."

"ನೋಡ್ರಿ, ಮಾತಿನ ನಡುವ ಅಪ್ಪ ಬಂದ್ರು!" ಅವಳು ತಿರುಗಿ ಬಸ್‌ಸ್ಟ್ಯಾಂಡಿನ ಕಡೆ ನಡೆದಳು. ಓದುವುದಿಲ್ಲ ಇವನು. ಇವರು ಓದುವುದೇ ಇಲ್ಲ. ಗುಟ್ಟಿನಲ್ಲಿ ಅಳುತ್ತಾರೆ, ಬಯಲಿಗೆ ಬಂದಾಗ ನೆಟ್‌ವರ್ಕ್ ಹೋಗುತ್ತದೆ...

ಬುಧವಾರ ಸಂಜೆ ಅವ್ವನನ್ನು ಪಕ್ಕದಲ್ಲಿ ಕೂರಿಸಿಕೊಂಡಳು. ಹದಿನಾರು ಚೌಕಗಳಿದ್ದವು. ಐದು ನಿಮಿಷ... ಹತ್ತು ನಿಮಿಷ...

"ಬರೂದಿಲ್ಲ ಬಿಡು," ಎಂದಳು ರಾಧಿಕಾ. ಆದರೂ ಪರದೆಯಿಂದ ಕಣ್ಣು ಕೀಳಲಿಲ್ಲ.

ಹದಿನೇಳನೆಯ ಚೌಕ ತೆರೆಯಿತು. ಈ ಸಲ ಬೆನ್ನ ಹಿಂದೆ ಕಪಾಟು ಇರಲಿಲ್ಲ. ಸುಣ್ಣದ ಗೋಡೆ, ಅದಕ್ಕೆ ಒರಗಿ ಅತುಲ.

"ಕೊಳಕೂರ," ಅವನು ಓದತೊಡಗಿದ. "ವಾಡೆ ನಮ್ಮದು. ಕಿಟಕಿ ಮುಚ್ಚಿದವಳು ನನ್ನ ಅಜ್ಜಿ ವತ್ಸಲಾಬಾಯಿ. ಹೊರಗೆ ನಿಂತಿದ್ದ ಹುಡುಗಿ ಚಂದಮ್ಮ. ನಾವು ಒಳಗೆ ಕರೆಯದ ಹುಡುಗಿ..."

ಓದು ಮುಗಿಯುವಾಗ ಒಂದು ಸುಕ್ಕುಗಟ್ಟಿದ ಮುಖ ಅವನ ಭುಜದ ಪಕ್ಕದಲ್ಲಿ ಕಾಣಿಸಿತು.

"ಬೆರಳು ಕಂಡಿದ್ದವು," ಎಂದಳು ವತ್ಸಲಾಬಾಯಿ. "ಕಾಣಲಿಲ್ಲ ಅಂತ ಮೊಮ್ಮಗಗ ಸುಳ್ಳು ಹೇಳಿದ್ದೆ. ಕಂಡೇ ಎಳದೆ. ತಪ್ಪು ನಂದು, ಚಂದಮ್ಮ."

ಚಂದಮ್ಮ ಪರದೆಯನ್ನೇ ನೋಡಿದಳು. ಕೈ ಮುಗಿಯಲಿಲ್ಲ. ಅಳಲೂ ಇಲ್ಲ.

"ಮಾಫಿ ಮಾತು ಆಮ್ಯಾಲ ನೋಡೂಣ್ರಿ. ಮೊದಲು ಇದು ಹೇಳ್ರಿ. ಆಕಿ ದೋಣಿ ಹತ್ತಿದಳೋ ಇಲ್ಲೋ?"

ಮುದುಕಿ ತಡವರಿಸಿದಳು. "ನನಗೂ ಗೊತ್ತಿಲ್ಲವ್ವ. ಕಿಟಕಿ ಮುಚ್ಚಿ ಬಂದು ಕೂಡೂದ್ರಾಗ ಕರೆಂಟ್ ಹೋತು."

ಚಂದಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು!

"ಹಂಗಾದ್ರ ನಿಮಗೂ ಸಿಗಲಿಲ್ಲ! ಸುಮ್ನ ನನ್ನ ಬೆರಳು ಮುರದ್ರಿ!"

ಸರ್ ಕನ್ನಡಕ ತೆಗೆದು ಒರೆಸಿಕೊಂಡರು. "ಕಳ್ಳರು ಅಂದಿದ್ದೆ. ಆ ಮಾತು ವಾಪಸ್ ತಗೋತೇನಿ. ಎರಡೂ ಪ್ರಬಂಧ ಇರ್ತಾವ."

ಮರುದಿನ ಬೆಳಿಗ್ಗೆ ರಾಧಿಕಾ ಗ್ರಂಥಾಲಯದಲ್ಲಿ ಪತ್ರಿಕೆ ಜೋಡಿಸುತ್ತಿದ್ದಾಗ ಬಾಗಿಲಲ್ಲಿ ನೆರಳು ಬಿತ್ತು. ಅತುಲ. ಕೋಟು ಇರಲಿಲ್ಲ.

"ಕೋರ್ಟ್ ಇಲ್ಲೇನ್ರಿ ಇವತ್ತು?"

"ಅಪ್ಪ ಆಫೀಸಿನಿಂದ ಹೊರಗ ಹಾಕ್ಯಾರ. ಮನಿತನದ ಮಾನ ಕಳದೆ ಅಂತ." ಅವನು ನಗಲು ನೋಡಿದ. "ಬ್ಯಾರೆ ಕಡಿ ಮೇಜು ಹುಡುಕಬೇಕು. ಅಜ್ಜಿ ಮಾತ್ರ ಬೆನ್ನು ತಟ್ಟಿದಳು."

"ಪಶ್ಚಾತ್ತಾಪ ಆಗ್ಯದ ಏನು?"

"ತಡಾ ಮಾಡಿದ್ದಕ್ಕ ಆಗ್ಯದ." ಅವನು ಹೊಸ್ತಿಲ ಆಚೆಯೇ ನಿಂತಿದ್ದ. "ರಾಧಿಕಾ, ಕರೆಂಟ್ ಹೋದಾಗ ಪಾಠ ಬರದು ಕಳಿಸಿದ್ದು ಕ್ಲಾಸಿಗಾಗಿ ಅಲ್ರಿ. ನಿಮಗಾಗಿ. ನನಗ ನೀವು ಬೇಕು. ನಿಮಗಿನ್ನೂ ನನ್ನ ಮ್ಯಾಲ ಸಂಶಯ ಅದ ಏನು?"

"ಅದ," ಎಂದಳು ಅವಳು ಥಟ್ಟನೆ.

ಅವನ ಮುಖ ಬಾಡಿತು. "ಎಷ್ಟು ದಿನ ಇರ್ತದ?"

"ಬದುಕಿರೋ ತನಕ ಇರ್ತದ. ನಮ್ಮಂಥವರಿಗೆ ಸಂಶಯಾನೇ ಕಾವಲು." ಅವಳು ಪತ್ರಿಕೆ ಕೆಳಗಿಟ್ಟಳು. ಕೆನ್ನೆ ಬಿಸಿಯಾದದ್ದು ಅವಳಿಗೇ ಗೊತ್ತಾಯಿತು. "ಅದಕ್ಕ... ನಿಮ್ಮನ್ನ ಕಣ್ಣಳತಿಯೊಳಗೇ ಇಟ್ಕೋಬೇಕು ಅಂತ ಮಾಡೇನಿ."

"ಅಂದ್ರ?"

"ವಕೀಲರಿಗೆ ಇಷ್ಟೂ ತಿಳಿಯೂದಿಲ್ಲೇನು?" ಅವಳು ತನ್ನ ಮೇಜಿನ ಪಕ್ಕಕ್ಕೆ ಇನ್ನೊಂದು ಕುರ್ಚಿ ಎಳೆದಳು. "ಒಳಗ ಬರ್ರಿ. ಹತ್ರ ಕೂಡ್ರಿ."